ದೀಪ ಕುಣಿದರೆ ನೆಲ ಡೊಂಕು

ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ತನ್ನ ಕೊರತೆಯನ್ನು ಒಪ್ಪಿಕೊಳ್ಳಲಾರದೆ ಕಾಲ ಕೆಳಗಿನ ನೆಲವನ್ನು ದೂರುವವರನ್ನು ಕುರಿತು ಹುಟ್ಟಿದ ಈ ಗಾದೆಯಲ್ಲಿ ಆ ನರ್ತಕಿಯ ಪರವಾಗಿ ವಾದಿಸುವವರು ಒಬ್ಬರೂ ಇಲ್ಲ. ಆದರೆ ಮೋಟಾರು ವಾಹನಗಳ ಲೋಕದಲ್ಲಿ ಒಂದು ಸಂದರ್ಭವುಂಟು. ಅಲ್ಲಿ ಅವಳ ಮಾತೇ ಬಹುಮಟ್ಟಿಗೆ ನಿಜವಾಗುತ್ತದೆ. ಇರುಳಿನಲ್ಲಿ ಓಡುವ ಪಿಕಪ್ ವಾಹನದ ಹೆಡ್‌ಲೈಟುಗಳು ಒಮ್ಮೆ ಪ್ರಖರವಾಗಿ ಉರಿದು, ಒಮ್ಮೆ ಮಂಕಾಗಿ, ಮಿಣಮಿಣನೆ ಕುಣಿಯತೊಡಗಿದಾಗ ಎಲ್ಲರೂ ಬಲ್ಬನ್ನು ಶಪಿಸುತ್ತಾರೆ. ಬಲ್ಬಿಗೆ ಬಾಯಿದ್ದಿದ್ದರೆ, "ಸ್ವಾಮಿ, ನನ್ನದೇನೂ ತಪ್ಪಿಲ್ಲ, ನೆಲವೇ ಡೊಂಕು" ಎಂದು ಬಿನ್ನವಿಸಿಕೊಳ್ಳುತ್ತಿತ್ತು.

ನಗರವಾಸಿ ಗೃಹಸ್ಥರಿಗೆ ಇದು ಮೋಟಾರು ಶೆಡ್ಡಿನ ವಿಚಾರವೆಂದು ತೋರಬಹುದು. ಆದರೆ ಅವರ ಅಡಿಗೆಮನೆಗೂ ಈ ದೀಪಕ್ಕೂ ಹತ್ತಿರದ ನಂಟುಂಟು. ಬೆಂಗಳೂರಿನ ಮನೆಗಳಲ್ಲಿ ಸಾರಿಗೆ ಬೀಳುವ ಟೊಮೇಟೊ, ಹುಳಿಗೆ ಬೀಳುವ ಹುರುಳಿಕಾಯಿ, ದೇವರ ಪಟಕ್ಕೆ ಏರುವ ಸೇವಂತಿಗೆ, ಇವುಗಳಲ್ಲಿ ಎಷ್ಟೋ ಪಾಲು ಕೋಲಾರ, ಮಾಲೂರು, ಚಿಕ್ಕಬಳ್ಳಾಪುರಗಳ ಕಡೆಯಿಂದ ನಡುರಾತ್ರಿಯಲ್ಲಿ ಹೊರಟು ಬೆಳಕು ಹರಿಯುವ ಮುನ್ನ ಮಾರುಕಟ್ಟೆಯನ್ನು ಮುಟ್ಟುತ್ತದೆ. ಒಂದು, ಒಂದೂವರೆ ಟನ್ ಸರಕನ್ನು ಹೊತ್ತು ಈ ಓಡಾಟವನ್ನು ನಡೆಸುವುದು ಪಿಕಪ್ ಎಂಬ ಚಿಕ್ಕ ವಾಹನ. ಗಂಟೆಗೆ ೬೦ ಕಿಲೋಮೀಟರ್ ವೇಗದಲ್ಲಿ ಅದು ಒಂದು ಸೆಕೆಂಡಿಗೆ ಸುಮಾರು ೧೭ ಮೀಟರ್ ದೂರವನ್ನು ಕ್ರಮಿಸುತ್ತದೆ. ದೀಪ ಅರ್ಧ ಸೆಕೆಂಡು ಕಣ್ಣು ಮುಚ್ಚಿದರೂ ಎಂಟು ಮೀಟರಿಗಿಂತ ಹೆಚ್ಚಿನ ರಸ್ತೆ ಚಾಲಕನಿಗೆ ಕತ್ತಲಾಗುತ್ತದೆ. ಆ ಎಂಟು ಮೀಟರಿನಲ್ಲಿ ಒಂದು ಗುಂಡಿಯಿರಬಹುದು, ದೀಪವಿಲ್ಲದ ಒಂದು ಎತ್ತಿನ ಗಾಡಿಯಿರಬಹುದು, ರಸ್ತೆ ದಾಟುತ್ತಿರುವ ಒಬ್ಬ ಮುದುಕಿಯಿರಬಹುದು.

ಅಪಾಯ ಅಷ್ಟಕ್ಕೇ ಮುಗಿಯುವುದಿಲ್ಲ. ನಮ್ಮ ದೇಶದ ಹೆದ್ದಾರಿಗಳಲ್ಲಿ ಹೆಡ್‌ಲೈಟಿಗೆ ಒಂದು ಭಾಷೆಯಿದೆ. ಎದುರಿನ ವಾಹನ ದೀಪವನ್ನು ಎರಡು ಸಲ ಮಿಟುಕಿಸಿದರೆ ಅದಕ್ಕೆ ಅರ್ಥವುಂಟು: ತಾನು ಬರುತ್ತಿದ್ದೇನೆ, ನೀನು ತಡೆ ಎಂದೋ, ನಿನ್ನ ಬೆಳಕನ್ನು ತಗ್ಗಿಸು ಎಂದೋ ಚಾಲಕರು ಅದನ್ನು ಗ್ರಹಿಸುತ್ತಾರೆ. ಕೆಟ್ಟ ದೀಪ ತನ್ನಷ್ಟಕ್ಕೆ ಮಿಟುಕಿದಾಗ ಚಾಲಕನು ಹೇಳದ ಮಾತನ್ನು ಹೇಳಿಬಿಡುತ್ತದೆ. ಕಿರಿದಾದ ಸೇತುವೆಯ ಎರಡು ತುದಿಗಳಲ್ಲಿ ಎರಡು ವಾಹನಗಳು ಎದುರುಬದುರಾದಾಗ ಇಂಥ ಸುಳ್ಳುಮಾತಿನ ಬೆಲೆ ಎಷ್ಟೆಂಬುದನ್ನು ಊಹಿಸುವುದು ಕಷ್ಟವಲ್ಲ.

ಈ ಕುಣಿತ ಹೊಸದೂ ಅಲ್ಲ. ಅಮೆರಿಕದ ಫೋರ್ಡ್ ಕಂಪನಿಯ ಪ್ರಸಿದ್ಧ 'ಟಿ' ಮಾದರಿಯ ಕಾರಿಗೆ ೧೯೧೫ರಲ್ಲಿ ವಿದ್ಯುದ್ದೀಪಗಳು ಬಂದಾಗ ಅವುಗಳಿಗೆ ಬ್ಯಾಟರಿಯ ಆಸರೆ ಇರಲಿಲ್ಲ. ಎಂಜಿನ್ನಿನೊಡನೆ ತಿರುಗುವ ಮ್ಯಾಗ್ನೆಟೋ ಯಂತ್ರವೇ ಅವುಗಳಿಗೆ ವಿದ್ಯುತ್ತನ್ನು ಒದಗಿಸುತ್ತಿತ್ತು. ಎಂಜಿನ್ನು ವೇಗವಾಗಿ ತಿರುಗಿದರೆ ಬೆಳಕು ಹೆಚ್ಚು, ನಿಧಾನವಾದರೆ ಬೆಳಕು ಕಡಮೆ. ಕೆಟ್ಟ ರಸ್ತೆಯಲ್ಲಿ ಮೆಲ್ಲನೆ ಸಾಗಬೇಕಾದಾಗ, ಎಂದರೆ ಬೆಳಕು ಅತ್ಯವಶ್ಯಕವಾದಾಗಲೇ, ದೀಪ ಮಂಕಾಗುತ್ತಿತ್ತು! ಜನರೇಟರ್ ಮತ್ತು ಬ್ಯಾಟರಿ ಬಂದ ಮೇಲೆ ಈ ಪೀಡೆ ತೊಲಗಿತು. ಅದೇ 'ಟಿ' ಮಾದರಿಯ ಬೆನ್ನಿಗೆ ಸರಕಿನ ತೊಟ್ಟಿಯನ್ನು ಕಟ್ಟಿ ಫೋರ್ಡ್ ಕಂಪನಿ ತನ್ನ ಕಾರ್ಖಾನೆಯಿಂದಲೇ ಪಿಕಪ್ಪನ್ನು ಮಾರಲಾರಂಭಿಸಿದ್ದು ೧೯೨೫ರಲ್ಲಿ. ಬೆಲೆ ೨೮೧ ಡಾಲರ್. ಅಂದಿನಿಂದ ಇಂದಿನ ವರೆಗೆ ಪಿಕಪ್ಪಿನ ಬಾಳು ಒಂದೇ ಬಗೆಯದು: ಹೆಚ್ಚಿನ ಹೊರೆ, ಕೆಟ್ಟ ದಾರಿ, ಮಳೆ, ಕೆಸರು, ವಿಶ್ರಾಂತಿಯಿಲ್ಲದ ದುಡಿಮೆ. ಅದರ ತಂತಿಗಳೂ ಬೋಲ್ಟುಗಳೂ ಕಾರಿನವುಗಳಿಗಿಂತ ಬೇಗನೆ ಸಡಿಲವಾಗುವುದರಲ್ಲಿ ಆಶ್ಚರ್ಯವಿಲ್ಲ.

ಕೋಲಾರದ ಕಡೆಯ ಒಬ್ಬ ಚಾಲಕನನ್ನು ವಾಚಕರು ಊಹಿಸಿಕೊಳ್ಳಬಹುದು. ವಾಹನ ಅವನ ಸ್ವಂತದ್ದು. ಸಾಲದ ಕಂತು ಇನ್ನೂ ತೀರಿಲ್ಲ. ಎರಡು ವಾರಗಳಿಂದ ದೀಪಗಳು ಕುಣಿಯುತ್ತಿವೆ. ಮೊದಲು ಅವನು ಎರಡೂ ಬಲ್ಬುಗಳನ್ನು ಬದಲಾಯಿಸಿದ. ಎರಡು ದಿನ ಚೆನ್ನಾಗಿದ್ದಂತೆ ತೋರಿತು, ಮತ್ತೆ ಅದೇ ಕುಣಿತ. ಯಾರೋ ಬ್ಯಾಟರಿ ಸತ್ತಿದೆಯೆಂದರು, ಬ್ಯಾಟರಿಯೂ ಹೊಸದಾಯಿತು. ಇನ್ನೊಬ್ಬರು ಡೈನಮೋ ಹೋಗಿದೆಯೆಂದರು. ನಮ್ಮ ಶೆಡ್ಡುಗಳಲ್ಲಿ ಆಲ್ಟರ್ನೇಟರನ್ನು ಇಂದಿಗೂ ಡೈನಮೋ ಎಂದೇ ಕರೆಯುವುದುಂಟು. ಅದರ ಬೆಲೆಯನ್ನು ಕೇಳಿದೊಡನೆ ಅವನ ಎದೆ ಧಸಕ್ಕೆಂದಿತು. ಮನೆಯಲ್ಲಿ ಹೆಂಡತಿ, "ರಾತ್ರಿ ಹೊತ್ತು ಆ ದೀಪ ನಂಬಿಕೊಂಡು ಹೋಗಬೇಡಿ" ಎನ್ನುತ್ತಾಳೆ. ಹೋಗದಿದ್ದರೆ ಕಂತಿಗೆ ಹಣವಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಹಣ ಕರಗುತ್ತಿದೆ, ಜ್ವರ ಇಳಿದಿಲ್ಲ. ಕೊನೆಗೆ ಅವನು ಊರಿನ ಹಳೆಯ ಆಟೋ ಎಲೆಕ್ಟ್ರಿಷಿಯನ್ ಒಬ್ಬನ ಬಳಿಗೆ ಬರುತ್ತಾನೆ.

"ಅಣ್ಣಾ, ಬಲ್ಬು ಹಾಕಿದ್ದಾಯ್ತು, ಬ್ಯಾಟರಿ ಹಾಕಿದ್ದಾಯ್ತು. ಇನ್ನೇನು ಹಾಕಲಿ ಹೇಳಿ."

"ಹಾಕೋದು ಆಮೇಲೆ. ಮೊದಲು ಕೇಳಿದ್ದಕ್ಕೆ ಉತ್ತರ ಹೇಳಪ್ಪ."

ಒಳ್ಳೆಯ ವೈದ್ಯನು ನಾಡಿ ಹಿಡಿಯುವ ಮುನ್ನ ರೋಗಿಯನ್ನು ಮಾತನಾಡಿಸುತ್ತಾನೆ. ಒಳ್ಳೆಯ ಎಲೆಕ್ಟ್ರಿಷಿಯನ್ನನ ಕ್ರಮವೂ ಅದೇ. ಮೊದಲನೆಯದಾಗಿ ಅವನು ವಾಹನವನ್ನು ಒಂದು ಗೋಡೆಗೆ ಎದುರಾಗಿ ಹತ್ತು ಹನ್ನೆರಡು ಅಡಿ ದೂರದಲ್ಲಿ ನಿಲ್ಲಿಸಿ ದೀಪ ಹಾಕಿಸುತ್ತಾನೆ. ಬಾನೆಟ್ಟಿನ ಮೇಲೆ ಅಂಗೈಯಿಂದ ಎರಡು ಬಡಿತ ಬಡಿದು ಗೋಡೆಯ ಮೇಲಿನ ಬೆಳಕನ್ನು ನೋಡುತ್ತಾನೆ. ಬೆಳಕಿನ ಮಚ್ಚೆ ಅತ್ತಿತ್ತ ಅಲುಗಾಡಿದರೂ ಅದರ ಕಾಂತಿ ಕುಂದದಿದ್ದರೆ ವಿದ್ಯುತ್ತಿನ ತಪ್ಪೇನೂ ಇಲ್ಲ. ದೀಪದ ಬುಡವನ್ನು ಹಿಡಿದಿರುವ ತಿರುಪು ಅಥವಾ ಕ್ಲಿಪ್ಪು ಸಡಿಲವಾಗಿದೆ. ಮಚ್ಚೆ ನಿಂತಲ್ಲೇ ನಿಂತು ಕಾಂತಿ ಏರಿಳಿದರೆ ಮಾತ್ರ ವಿದ್ಯುತ್ತಿನ ದಾರಿಯನ್ನು ಹುಡುಕಬೇಕು. ಈ ಒಂದು ಪರೀಕ್ಷೆಗೆ ಬಿಡಿಗಾಸಿನ ಖರ್ಚಿಲ್ಲ. ಆದರೂ ಇದನ್ನು ಮಾಡುವವರು ವಿರಳ.

ಮುಂದಿನ ಪ್ರಶ್ನೆ: ಕುಣಿಯುವುದು ಒಂದು ದೀಪವೋ, ಎರಡೂ ದೀಪಗಳೋ? ಒಂದೇ ಆದರೆ ದೋಷ ಆ ದೀಪದ ಆಸುಪಾಸಿನಲ್ಲಿದೆ: ಅದರ ಹೋಲ್ಡರು, ಅದರ ತಂತಿ, ಅದರ ಬಲ್ಬು. ಎರಡೂ ಕೂಡಿ ಕುಣಿದರೆ ಎರಡಕ್ಕೂ ಸಮಾನವಾದ ದಾರಿಯಲ್ಲಿ ದೋಷವಿದೆ. ಎರಡು ಬಲ್ಬುಗಳು ಒಂದೇ ಗಳಿಗೆಯಲ್ಲಿ ಒಂದೇ ರೋಗಕ್ಕೆ ತುತ್ತಾಗುವುದು ತೀರ ಅಪರೂಪ. ಮೂರನೆಯ ಪ್ರಶ್ನೆ: ಎಂಜಿನ್ನಿನ ವೇಗ ಹೆಚ್ಚಿಸಿದಾಗ ಬೆಳಕು ಸುಧಾರಿಸುತ್ತದೆಯೇ? ನಾಲ್ಕನೆಯದು: ಕುಣಿತಕ್ಕೆ ತಾಳವಿದೆಯೇ, ಇಲ್ಲವೇ? ಐದನೆಯದು: ಬೇರೆ ಯಾವ ದೀಪವನ್ನು ಹಾಕಿದಾಗ ಇದು ಹೆಚ್ಚುತ್ತದೆ? ಕೊನೆಯ ಪ್ರಶ್ನೆ ಬಹುಜನರಿಗೆ ಹೊಳೆಯದಂಥದು.

"ಈಚೆಗೆ ಗಾಡಿಗೆ ಏನಾದರೂ ಕೆಲಸ ಮಾಡಿಸಿದ್ದೆಯಾ?"

"ದೀಪದ ಕೆಲಸ ಏನೂ ಇಲ್ಲಣ್ಣ. ಹೋದ ತಿಂಗಳು ಮುಂದಗಡೆ ತಗಡು ಸೊಟ್ಟಗಾಗಿತ್ತು. ಟಿಂಕರಿಂಗ್ ಮಾಡಿಸಿ ಪೇಂಟು ಹೊಡೆಸಿದೆ, ಅಷ್ಟೇ."

ಆ 'ಅಷ್ಟೇ' ಎಂಬ ಮಾತಿನಲ್ಲಿಯೇ ರೋಗದ ಮೂಲವಿತ್ತು. ಎರಡು ದೀಪಗಳೂ ಕೂಡಿ ಕುಣಿಯುತ್ತಿದ್ದವು, ಗುಂಡಿಯಲ್ಲಿ ಇಳಿದಾಗ ಹೆಚ್ಚು, ತಾಳವೇನೂ ಇರಲಿಲ್ಲ, ಆದರೆ ತಿರುವಿನ ಇಂಡಿಕೇಟರನ್ನು ಹಾಕಿದರೆ ಅದರ ಟಿಕ್ ಟಿಕ್‌ಗೆ ಸರಿಯಾಗಿ ಹೆಡ್‌ಲೈಟೂ ನಡುಗುತ್ತಿತ್ತು. ಇದರ ಅರ್ಥವನ್ನು ತಿಳಿಯಬೇಕಾದರೆ ವಾಹನದಲ್ಲಿ ವಿದ್ಯುತ್ತು ಹರಿಯುವ ದಾರಿಯನ್ನು ಸ್ವಲ್ಪ ವಿಚಾರಿಸಬೇಕು.

ಮನೆಯ ದೀಪಕ್ಕೆ ಎರಡು ತಂತಿಗಳು ಬರುವುದನ್ನು ಎಲ್ಲರೂ ನೋಡಿದ್ದಾರೆ. ಒಂದರಲ್ಲಿ ಬಂದ ವಿದ್ಯುತ್ತು ಇನ್ನೊಂದರಲ್ಲಿ ಹಿಂದಿರುಗುತ್ತದೆ. ಮೋಟಾರು ವಾಹನದಲ್ಲಿ ಸಾಮಾನ್ಯವಾಗಿ ಹೋಗುವುದಕ್ಕೆ ಮಾತ್ರ ಉದ್ದನೆಯ ತಂತಿ. ಬ್ಯಾಟರಿಯ ಧನ ತುದಿಯಿಂದ ಹೊರಟ ವಿದ್ಯುತ್ತು ಫ್ಯೂಸು, ಸ್ವಿಚ್ಚು, ರಿಲೇಗಳನ್ನು ಹಾಯ್ದು ಬಲ್ಬನ್ನು ಮುಟ್ಟುತ್ತದೆ. ಅಲ್ಲಿಂದ ಒಂದು ಗಿಡ್ಡ ತಂತಿಯ ಮೂಲಕ ಹತ್ತಿರದ ಕಬ್ಬಿಣದ ತಗಡನ್ನು ಸೇರಿ, ವಾಹನದ ಮೈಯನ್ನೇ ದಾರಿಯಾಗಿ ಮಾಡಿಕೊಂಡು, ಬ್ಯಾಟರಿಯ ಋಣ ತುದಿಗೆ ಮರಳುತ್ತದೆ. ವಾಹನದ ಈ ಲೋಹದ ಮೈಗೆ ಶೆಡ್ಡಿನ ಭಾಷೆಯಲ್ಲಿ ಅರ್ತ್ ಎಂದು ಹೆಸರು, ಎಂದರೆ ನೆಲ. ಬಸ್ ನಿಲ್ದಾಣದಿಂದ ಹೊರಟ ಬಸ್ಸುಗಳು ಹಿಂದಿರುಗುವ ದಾರಿ ಕಟ್ಟಿಕೊಂಡರೆ ಹೊರಡುವುದಕ್ಕೂ ಬಸ್ಸುಗಳಿರುವುದಿಲ್ಲ. ಹಾಗೆಯೇ ಮರಳುವ ದಾರಿ ಕೆಟ್ಟರೆ ವಿದ್ಯುತ್ತು ಹೋಗುವ ದಾರಿಯಲ್ಲಿಯೂ ಸರಿಯಾಗಿ ಹರಿಯಲಾರದು. ಬೆಳಕು ಕಾಣುವುದು ಬಲ್ಬಿನಲ್ಲಿ. ಅದನ್ನು ಕೆಡಿಸುವ ಸ್ಥಳ ಎಷ್ಟೋ ಸಲ ಬಲ್ಬಿನ ಬೆನ್ನ ಹಿಂದೆ, ಯಾರೂ ನೋಡದ ಒಂದು ಬೋಲ್ಟಿನ ಕೆಳಗೆ.

ಒಂದು ಸಣ್ಣ ಲೆಕ್ಕ ಇದನ್ನು ಸ್ಪಷ್ಟಗೊಳಿಸುವುದು. ೫೫ ವಾಟಿನ ಹೆಡ್‌ಲೈಟ್ ಬಲ್ಬು ೧೨ ವೋಲ್ಟಿನಲ್ಲಿ ಸುಮಾರು ೪.೬ ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ಜರ್ಮನಿಯ ಗೇಯಾರ್ಗ್ ಓಮ್ ೧೮೨೭ರಲ್ಲಿ ಪ್ರಕಟಿಸಿದ ನಿಯಮದಂತೆ ಎಣಿಸಿದರೆ ಉರಿಯುತ್ತಿರುವ ಅದರ ತಂತಿಯ ತಡೆ ಸುಮಾರು ೨.೬ ಓಮ್. ಈಗ ಅರ್ತ್ ಬೋಲ್ಟಿನ ಕೆಳಗೆ ತುಕ್ಕೋ ಬಣ್ಣವೋ ಸೇರಿ ಕೇವಲ ಅರ್ಧ ಓಮ್ ಹೆಚ್ಚಿನ ತಡೆ ಬಂದಿತೆನ್ನೋಣ. ಆಗ ವಿದ್ಯುತ್ತು ೩.೯ ಆಂಪಿಯರಿಗೆ ಇಳಿಯುತ್ತದೆ. ಆ ಬೋಲ್ಟೇ ಎರಡು ವೋಲ್ಟಿನಷ್ಟನ್ನು ನುಂಗಿ, ಬಲ್ಬಿಗೆ ಉಳಿಯುವುದು ಹತ್ತು ವೋಲ್ಟು ಮಾತ್ರ. ಹನ್ನೆರಡರಲ್ಲಿ ಎರಡು ಹೋದರೆ ಬೆಳಕಿನಲ್ಲಿ ಆರನೆಯ ಒಂದು ಪಾಲು ಕಡಮೆಯಾದೀತೆಂದು ತೋರುವುದು ಸಹಜ. ನಿಜ ಹಾಗಿಲ್ಲ. ಇಂಥ ಬಲ್ಬಿನಲ್ಲಿ ವೋಲ್ಟು ಸ್ವಲ್ಪ ಇಳಿದರೂ ಬೆಳಕು ಬಹಳ ಇಳಿಯುತ್ತದೆ: ಹತ್ತರಲ್ಲಿ ಒಂದು ಪಾಲು ವೋಲ್ಟು ಕಡಮೆಯಾದರೆ ಹತ್ತರಲ್ಲಿ ಸುಮಾರು ಮೂರು ಪಾಲು ಬೆಳಕು ಹೋಗುತ್ತದೆ. ಮೇಲಿನ ಲೆಕ್ಕದಲ್ಲಿ ದೀಪಕ್ಕೆ ಉಳಿಯುವುದು ಅರ್ಧಕ್ಕಿಂತ ತುಸು ಹೆಚ್ಚಿನ ಬೆಳಕು ಅಷ್ಟೆ. ವಾಹನ ಅಲುಗಿದಂತೆಲ್ಲ ಬೋಲ್ಟಿನ ಕೆಳಗಿನ ಲೋಹ ಒಮ್ಮೆ ತಾಗಿ ಒಮ್ಮೆ ಬಿಡುವುದರಿಂದ ಈ ಅರ್ಧ ಬೆಳಕೂ ಪೂರ್ಣ ಬೆಳಕೂ ಒಂದರ ಹಿಂದೆ ಒಂದು ಬರುತ್ತವೆ. ಕುಣಿತವೆಂದರೆ ಇದೇ.

ಇಂಡಿಕೇಟರಿನ ಒಗಟೂ ಇಲ್ಲಿಯೇ ಬಿಡುತ್ತದೆ. ಮುಂಭಾಗದ ದೀಪಗಳೆಲ್ಲ ಒಂದೇ ಬೋಲ್ಟಿನ ಮೂಲಕ ಮರಳುತ್ತಿರುವಾಗ ಆ ದಾರಿ ಇಕ್ಕಟ್ಟಾದರೆ ಒಬ್ಬರಿಗೊಬ್ಬರು ಅಡ್ಡ ಬರುತ್ತಾರೆ; ಇಂಡಿಕೇಟರು ಉರಿದ ಪ್ರತಿ ಸಲವೂ ಹೆಡ್‌ಲೈಟಿನ ಪಾಲು ಅಷ್ಟು ಕಡಮೆಯಾಗುತ್ತದೆ. ಒಂದು ದೀಪವನ್ನು ಹಾಕಿದಾಗ ಸಂಬಂಧವಿಲ್ಲದ ಇನ್ನೊಂದು ದೀಪ ನಡುಗಿದರೆ ಅನುಭವಸ್ಥನು ಮೊದಲು ಸಂದೇಹಪಡುವುದು ಅರ್ತನ್ನೇ.

ಸಂದೇಹ ಬೇರೆ, ಸಾಕ್ಷ್ಯ ಬೇರೆ. ಮುದುಕ ಎಲೆಕ್ಟ್ರಿಷಿಯನ್ನನು ಮಲ್ಟಿಮೀಟರನ್ನು ವೋಲ್ಟಿಗೆ ತಿರುವಿ, ಕಪ್ಪು ಮೊನೆಯನ್ನು ಬ್ಯಾಟರಿಯ ಋಣ ತುದಿಗೂ ಕೆಂಪು ಮೊನೆಯನ್ನು ಬಲ್ಬಿನ ಹೋಲ್ಡರಿನ ಅರ್ತ್ ತುದಿಗೂ ಹಿಡಿದ. ಮೀಟರು ಸೊನ್ನೆ ತೋರಿಸಿತು.

"ಅರ್ತ್ ಸರಿಯಾಗಿದೆ ಅಂತಾಯ್ತಲ್ಲಣ್ಣ?"

"ದೀಪ ಎಲ್ಲಿ ಉರೀತಿದೆ? ಹಾಕು ಮೊದಲು."

ದೀಪ ಹಾಕಿದೊಡನೆ ಮೀಟರು ೧.೮ ವೋಲ್ಟಿಗೆ ಏರಿತು. ಈ ಪರೀಕ್ಷೆಯ ಜೀವಾಳವೇ ಇಲ್ಲಿದೆ. ಸವೆದ ಹಗ್ಗ ಬರಿಯ ಕೊಡವನ್ನು ಎತ್ತೀತು. ಅದರ ಬಂಡವಾಳ ಹೊರಬೀಳುವುದು ನೀರು ತುಂಬಿದ ಕೊಡವನ್ನು ಸೇದುವಾಗ. ಹಾಗೆಯೇ ವಿದ್ಯುತ್ತು ಹರಿಯದಿರುವಾಗ ಕೆಟ್ಟ ಸಂಧಿಯೂ ಒಳ್ಳೆಯ ಸಂಧಿಯಂತೆಯೇ ಕಾಣಿಸುತ್ತದೆ. ಹೊರೆ ಬಿದ್ದಾಗಲೇ ಅದರ ತಡೆ ವೋಲ್ಟಾಗಿ ಮೀಟರಿನಲ್ಲಿ ಕಾಣುವುದು. ದೀಪ ಉರಿಯುತ್ತಿರುವಾಗ ಅರ್ತಿನ ದಾರಿಯಲ್ಲಿ ನಷ್ಟವಾಗುವ ವೋಲ್ಟು ೦.೨ನ್ನು ಮೀರಬಾರದು. ಇದೇ ಕ್ರಮದಲ್ಲಿ ಬ್ಯಾಟರಿಯ ಧನ ತುದಿಗೂ ಬಲ್ಬಿಗೆ ವಿದ್ಯುತ್ತು ಬರುವ ತುದಿಗೂ ಮೀಟರು ಹಿಡಿದರೆ ಹೋಗುವ ದಾರಿಯ ನಷ್ಟ ತಿಳಿಯುತ್ತದೆ; ಅದು ೦.೫ ವೋಲ್ಟಿನೊಳಗೆ ಇರಬೇಕು. ಕೆಲವು ವಾಹನಗಳಲ್ಲಿ ಹೆಡ್‌ಲೈಟಿನ ಸ್ವಿಚ್ಚು ಮರಳುವ ದಾರಿಯಲ್ಲಿಯೇ ಇರುವುದುಂಟು. ಆದಕಾರಣ ಯಾವ ತುದಿ ಯಾವುದೆಂಬುದನ್ನು ಆಯಾ ವಾಹನದ ತಂತಿಗಳ ನಕ್ಷೆಯನ್ನು ನೋಡಿ ನಿಶ್ಚಯಿಸಿಕೊಳ್ಳುವುದು ಲೇಸು.

ಮೀಟರಿಲ್ಲದವರಿಗೂ ಒಂದು ಉಪಾಯವುಂಟು. ದಪ್ಪನೆಯ ಒಂದು ತಂತಿಯ ತುಂಡನ್ನು ತೆಗೆದುಕೊಂಡು ದೀಪದ ಅರ್ತ್ ತುದಿಯಿಂದ ನೇರವಾಗಿ ಬ್ಯಾಟರಿಯ ಋಣ ತುದಿಗೆ ತಾಗಿಸಬೇಕು. ಮಂಕಾಗಿದ್ದ ದೀಪ ಆ ಕ್ಷಣವೇ ನೆಟ್ಟಗೆ ಉರಿದರೆ ನೆಲ ಡೊಂಕೆಂಬುದು ಸಿದ್ಧವಾಯಿತು. ಚಾಲಕನ ಪಿಕಪ್ಪಿನಲ್ಲಿ ಹಾಗೆಯೇ ಆಯಿತು. ಗೋಡೆಯ ಮೇಲಿನ ಬೆಳಕು ಹಾಲು ಚೆಲ್ಲಿದಂತೆ ಬೆಳ್ಳಗಾಯಿತು. ರೇಡಿಯೇಟರಿನ ಪಕ್ಕದ ತಗಡಿಗೆ ಬಿಗಿದಿದ್ದ ಅರ್ತ್ ಬೋಲ್ಟನ್ನು ಬಿಚ್ಚಿ ನೋಡಿದಾಗ ಅದರ ಕೆಳಗೆ ಹೊಚ್ಚಹೊಸ ಬಣ್ಣ! ಟಿಂಕರಿಂಗಿನವನು ತಗಡನ್ನು ಅಚ್ಚುಕಟ್ಟಾಗಿ ತಿದ್ದಿ, ನುಣುಪಾಗಿ ಬಣ್ಣ ಬಳಿದು, ಆ ಬಣ್ಣದ ಮೇಲೆಯೇ ತಂತಿಯ ಉಂಗುರವನ್ನಿಟ್ಟು ಬೋಲ್ಟು ತಿರುವಿದ್ದ. ಬಣ್ಣ ವಿದ್ಯುತ್ತನ್ನು ಬಿಡದು. ಬೋಲ್ಟಿನ ಎಳೆಗಳ ಅಂಚಿನಲ್ಲಿ ಅಲ್ಲಲ್ಲಿ ತಾಗಿದ್ದ ಲೋಹದ ಮೂಲಕವೇ ಅಷ್ಟೂ ವಿದ್ಯುತ್ತು ನುಸುಳಬೇಕಾಗಿತ್ತು. ತರಕಾರಿಯ ನೀರೂ ಮಳೆಯ ನೀರೂ ಸೇರಿ ಅಲ್ಲಿಯೂ ತುಕ್ಕು ಹಿಡಿದಿತ್ತು.

ಚಿಕಿತ್ಸೆ ಸರಳವಾದುದು, ಆದರೆ ಕ್ರಮವನ್ನು ಮೀರಬಾರದು. ಮೊದಲು ಬ್ಯಾಟರಿಯ ಋಣ ತುದಿಯ ತಂತಿಯನ್ನು ಬಿಚ್ಚಬೇಕು. ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಅದನ್ನು ಕೂಡಿಸಬೇಕು. ಧನ ತುದಿಗೆ ಮೊದಲು ಕೈಯಿಟ್ಟರೆ ಸ್ಪ್ಯಾನರು ವಾಹನದ ಮೈಗೆ ತಾಗಿ ಕಿಡಿ ಹಾರುವ ಅಪಾಯವುಂಟು. ಬ್ಯಾಟರಿಯಿಂದ ಹೊರಡುವ ಅನಿಲ ಹೊತ್ತಿಕೊಳ್ಳುವಂಥದು. ಆಮೇಲೆ ಅರ್ತ್ ಬೋಲ್ಟನ್ನು ಬಿಚ್ಚಿ, ತಗಡಿನ ಆ ಜಾಗವನ್ನೂ ತಂತಿಯ ತುದಿಯ ಉಂಗುರವನ್ನೂ ಲೋಹ ಹೊಳೆಯುವ ವರೆಗೆ ಉಪ್ಪುಕಾಗದದಿಂದ ಉಜ್ಜಬೇಕು. ಉಂಗುರದ ಬುಡದಲ್ಲಿ ತಂತಿಯ ಎಳೆಗಳು ಹಸುರುಗಟ್ಟಿದ್ದರೆ ಅಷ್ಟನ್ನು ಕತ್ತರಿಸಿ ಹೊಸ ಉಂಗುರ ಹಾಕುವುದು ಒಳ್ಳೆಯದು. ಹಲ್ಲುಗಳುಳ್ಳ ವಾಷರನ್ನಿಟ್ಟು ಗಟ್ಟಿಯಾಗಿ ಬಿಗಿದ ಮೇಲೆ ನೀರು ಇಳಿಯದಂತೆ ಮೇಲ್ಗಡೆ ವ್ಯಾಸಲೀನನ್ನು ಸವರಬೇಕು. ಬ್ಯಾಟರಿಯ ತುದಿಗಳಲ್ಲಿ ಬಿಳಿಯ ಅಥವಾ ಹಸುರು ಹಿಟ್ಟು ಕಟ್ಟಿದ್ದರೆ ಅಡಿಗೆ ಸೋಡವನ್ನು ನೀರಿನಲ್ಲಿ ಕಲಸಿ ತೊಳೆದು ಒರೆಸಬೇಕು. ಹೀಗೆ ಮಾಡಿ ಮತ್ತೆ ದೀಪ ಹಾಕಿ ಅಳೆದಾಗ ಮೀಟರು ತೋರಿಸಿದ್ದು ೦.೦೫ ವೋಲ್ಟು. ಇಂಡಿಕೇಟರು ತನ್ನ ಪಾಡಿಗೆ ಮಿಟುಕಿತು, ಹೆಡ್‌ಲೈಟು ಅಲುಗಲಿಲ್ಲ. ಚಾಲಕನು ತನ್ನ ಹೊಸ ಬ್ಯಾಟರಿಯನ್ನು ಒಮ್ಮೆ ನೋಡಿದ, ಮಾತನಾಡಲಿಲ್ಲ.

ಎಲ್ಲ ಕುಣಿತಕ್ಕೂ ನೆಲವೇ ಕಾರಣವೆಂದು ಮಾತ್ರ ತಿಳಿಯಬಾರದು. ಆ ಐದು ಪ್ರಶ್ನೆಗಳ ಉತ್ತರ ಬೇರೆಯಾದರೆ ದಾರಿಯೂ ಬೇರೆ.

ಎಂಜಿನ್ನು ನಿಧಾನವಾಗಿ ತಿರುಗುವಾಗ ಎರಡೂ ದೀಪಗಳು ಮಂಕಾಗಿ, ವೇಗ ಹೆಚ್ಚಿದಾಗ ಚೇತರಿಸಿಕೊಂಡರೆ ಆಲ್ಟರ್ನೇಟರಿನ ಕಡೆಗೆ ತಿರುಗಬೇಕು. ಎಂಜಿನ್ನು ನಿಂತಿರುವಾಗ ತುಂಬಿದ ಬ್ಯಾಟರಿಯಲ್ಲಿ ಸುಮಾರು ೧೨.೬ ವೋಲ್ಟೂ, ಓಡುತ್ತಿರುವಾಗ ಸಾಮಾನ್ಯವಾಗಿ ೧೩.೫ರಿಂದ ೧೪.೫ ವೋಲ್ಟೂ ಇರಬೇಕು. ಇದಕ್ಕಿಂತ ಕಡಮೆಯಾದರೆ ಬೆಲ್ಟು ಜಾರುತ್ತಿರಬಹುದು, ಒಳಗಿನ ಬ್ರಷ್ಷುಗಳು ಸವೆದಿರಬಹುದು. ವೋಲ್ಟು ಸರಿಯಾಗಿದ್ದರೂ ಬೆಳಕು ನಡುಗುತ್ತಿದ್ದರೆ ಡಯೋಡುಗಳನ್ನು ಸಂದೇಹಿಸಬೇಕು. ಆಲ್ಟರ್ನೇಟರಿನಲ್ಲಿ ಹುಟ್ಟುವ ವಿದ್ಯುತ್ತು ಅಲೆಯಲೆಯಾದುದು. ಅದನ್ನು ಒಂದೇ ದಿಕ್ಕಿಗೆ ತಿರುಗಿಸುವ ಕೆಲಸ ಡಯೋಡುಗಳದು. ಅವುಗಳಲ್ಲೊಂದು ಕೆಟ್ಟರೆ ಅಲೆ ಉಳಿದುಬಿಡುತ್ತದೆ. ಮೀಟರನ್ನು ಎ.ಸಿ. ವೋಲ್ಟಿಗೆ ತಿರುವಿ ಬ್ಯಾಟರಿಯ ಎರಡು ತುದಿಗಳಿಗೆ ಹಿಡಿದಾಗ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಆ ಸಂದೇಹಕ್ಕೆ ಬಲ ಬರುತ್ತದೆ. ಡೈನಮೋ ಬದಲಾಯಿಸುವ ಮಾತು ಅಲ್ಲಿಯ ವರೆಗೆ ಬೇಡ.

ಕುಣಿತಕ್ಕೆ ತಾಳವಿದ್ದು, ದೀಪ ಕೆಲವು ಸೆಕೆಂಡು ಪೂರ್ಣವಾಗಿ ಆರಿ ಮತ್ತೆ ಕೆಲವು ಸೆಕೆಂಡು ಉರಿದರೆ ಕತೆ ಇನ್ನೊಂದು. ಅಮೆರಿಕದ ಹಳೆಯ ಪಿಕಪ್ಪುಗಳಲ್ಲಿ ಹೆಡ್‌ಲೈಟಿನ ಸ್ವಿಚ್ಚಿನೊಳಗೇ ಒಂದು ರಕ್ಷಕ ಸಾಧನವನ್ನು ಇಡುತ್ತಿದ್ದರು. ಎರಡು ಬಗೆಯ ಲೋಹಗಳನ್ನು ಬೆಸೆದ ಒಂದು ಪಟ್ಟಿ. ಮಿತಿಮೀರಿ ವಿದ್ಯುತ್ತು ಹರಿದರೆ ಕಾದು ಬಾಗಿ ದಾರಿಯನ್ನು ಕಡಿಯುತ್ತದೆ, ತಣ್ಣಗಾದ ಮೇಲೆ ಮತ್ತೆ ಕೂಡಿಸುತ್ತದೆ. ಫ್ಯೂಸು ಸುಟ್ಟರೆ ಚಾಲಕನು ಒಮ್ಮೆಲೇ ಕಗ್ಗತ್ತಲೆಗೆ ಬೀಳುತ್ತಾನೆ. ಇದಾದರೆ ಬಿಟ್ಟು ಬಿಟ್ಟಾದರೂ ಬೆಳಕು ಕೊಟ್ಟು ಅವನನ್ನು ರಸ್ತೆಯ ಅಂಚಿಗೆ ಮುಟ್ಟಿಸುತ್ತದೆ. ಇಂಥ ತಾಳದ ಮಿಟುಕು ಕಂಡರೆ ಎಲ್ಲಿಯೋ ತಂತಿಯ ಸಿಪ್ಪೆ ಹರಿದು ಮೈಗೆ ತಾಗುತ್ತಿದೆಯೆಂದೋ, ಮಿತಿಗಿಂತ ದೊಡ್ಡ ಬಲ್ಬುಗಳನ್ನು ಹಾಕಲಾಗಿದೆಯೆಂದೋ, ಸ್ವಿಚ್ಚೇ ಸವೆದಿದೆಯೆಂದೋ ತಿಳಿಯಬೇಕು. ರಕ್ಷಕನನ್ನು ಕಿತ್ತುಹಾಕಿ ನೇರ ತಂತಿ ಜೋಡಿಸುವುದು ಮನೆಗೆ ಬೆಂಕಿಯಿಟ್ಟು ಚಳಿ ಕಾಯಿಸಿಕೊಂಡಂತೆ.

ದೊಡ್ಡ ಬಲ್ಬಿನ ಆಸೆ ನಮ್ಮಲ್ಲಿಯೂ ಉಂಟು. ೬೦/೫೫ ವಾಟಿನ ಬಲ್ಬಿಗೆಂದು ಮಾಡಿದ ಹೋಲ್ಡರಿಗೆ ೧೦೦/೯೦ ವಾಟಿನದನ್ನು ತುರುಕಿದರೆ ಹೋಲ್ಡರು ಕಂದುಗಟ್ಟಿ ಕರಗುತ್ತದೆ. ಒಳಗಿನ ಹಿಡಿತ ಸಡಿಲವಾಗಿ ದೀಪ ಮಿಣುಕತೊಡಗುತ್ತದೆ. ಹೋಲ್ಡರನ್ನು ಬದಲಾಯಿಸಿ, ಮೊದಲಿನ ವಾಟಿನ ಬಲ್ಬನ್ನೇ ಹಾಕುವುದು ಇದಕ್ಕೆ ಪರಿಹಾರ. ಹೆಡ್‌ಲೈಟಿಗೆ ರಿಲೇ ಇಲ್ಲದ ವಾಹನಗಳಲ್ಲಿ ಒಂದು ರಿಲೇಯನ್ನೂ ಬ್ಯಾಟರಿಯ ಹತ್ತಿರವೇ ಒಂದು ಫ್ಯೂಸನ್ನೂ ಜೋಡಿಸಿ, ದಪ್ಪನೆಯ ತಂತಿಯಲ್ಲಿ ದೀಪಕ್ಕೆ ವಿದ್ಯುತ್ತನ್ನು ಒಯ್ದರೆ ಬಲ್ಬನ್ನು ದೊಡ್ಡದು ಮಾಡದೆಯೇ ಬೆಳಕು ಎದ್ದು ಕಾಣುವಷ್ಟು ಹೆಚ್ಚುತ್ತದೆ. ಹ್ಯಾಲೊಜನ್ ಬಲ್ಬಿನ ಗಾಜನ್ನು ಬರಿಗೈಯಿಂದ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ವಿಪರೀತ ಕಾದು ಬಲ್ಬು ಅಲ್ಪಾಯುವಾಗುತ್ತದೆ.

ಎಲ್.ಇ.ಡಿ. ದೀಪಗಳ ವಿಚಾರ ಸ್ವಲ್ಪ ಸೂಕ್ಷ್ಮವಾದುದು. ಹಳೆಯ ಬಲ್ಬಿನ ತಂತಿ ಕಾದು ಉರಿಯುವಂಥದು. ವಿದ್ಯುತ್ತು ಕ್ಷಣಮಾತ್ರ ತಪ್ಪಿದರೂ ಅದರ ಕಾವು ಒಮ್ಮೆಗೇ ಆರುವುದಿಲ್ಲವಾದ್ದರಿಂದ ಚಿಕ್ಕಪುಟ್ಟ ನಡುಕಗಳು ಕಣ್ಣಿಗೆ ಬೀಳುವುದಿಲ್ಲ. ಎಲ್.ಇ.ಡಿ.ಗೆ ಈ ಸೈರಣೆಯಿಲ್ಲ. ವಿದ್ಯುತ್ತಿನ ಪ್ರತಿಯೊಂದು ಏರಿಳಿತವೂ ಅದರಲ್ಲಿ ಬೆಳಕಿನ ಏರಿಳಿತವಾಗುತ್ತದೆ. ಅಲ್ಲದೆ ಹೊಸ ವಾಹನಗಳಲ್ಲಿ ಕೆಲವು ದೀಪಕ್ಕೆ ವಿದ್ಯುತ್ತನ್ನು ಎಡೆಬಿಡದೆ ಕೊಡದೆ ಬಹುವೇಗದ ತುಣುಕು ತುಣುಕಾಗಿ ಕೊಡುತ್ತವೆ; ವಾಹನದ ಗಣಕವು ಬಲ್ಬು ಎಳೆಯುವ ವಿದ್ಯುತ್ತನ್ನು ಅಳೆದು ಅದು ಸುಟ್ಟಿದೆಯೇ ಎಂದು ಪರೀಕ್ಷಿಸುವುದೂ ಉಂಟು. ಇಂಥ ವಾಹನದಲ್ಲಿ ಅಂಗಡಿಯಿಂದ ತಂದ ಎಲ್.ಇ.ಡಿ. ಬಲ್ಬನ್ನು ಹಾಕಿದ ದಿನದಿಂದಲೇ ಮಿಟುಕು ಆರಂಭವಾಗಿದ್ದರೆ ತಂತಿಗಳನ್ನು ಕಿತ್ತು ನೋಡುವ ಅವಶ್ಯಕತೆಯಿಲ್ಲ. ಹಳೆಯ ಬಲ್ಬನ್ನು ಮತ್ತೆ ಹಾಕಿ ನೋಡಿದರೆ ಉತ್ತರ ಸಿಗುತ್ತದೆ.

ಇಷ್ಟೆಲ್ಲ ಪರೀಕ್ಷೆ ಹಗಲಿನಲ್ಲಿ, ಶೆಡ್ಡಿನ ನೆರಳಿನಲ್ಲಿ ಮಾಡತಕ್ಕದ್ದು. ನಡುರಾತ್ರಿಯ ಹೆದ್ದಾರಿಯಲ್ಲಿ ದೀಪ ಕುಣಿಯತೊಡಗಿದರೆ ಮಾಡಬೇಕಾದುದು ಬೇರೆ. ವೇಗವನ್ನು ಮೆಲ್ಲನೆ ತಗ್ಗಿಸಿ, ನಾಲ್ಕೂ ಇಂಡಿಕೇಟರುಗಳನ್ನು ಕೂಡಿಸಿ ಮಿಟುಕಿಸುವ ಸ್ವಿಚ್ಚನ್ನು ಒತ್ತಿ, ರಸ್ತೆಯಿಂದ ಪೂರ್ತಿಯಾಗಿ ಎಡಕ್ಕೆ ಇಳಿದು ನಿಲ್ಲಬೇಕು. ಎಚ್ಚರಿಕೆಯ ತ್ರಿಕೋನವನ್ನು ವಾಹನದ ಹಿಂದೆ ಸಾಕಷ್ಟು ದೂರದಲ್ಲಿ ಇಡಬೇಕು. ಮುಂದೆ ಹೋಗುವ ಲಾರಿಯ ಹಿಂದೀಪವನ್ನು ನಂಬಿ ಅದರ ಬಾಲ ಹಿಡಿದು ಸಾಗುವುದು ಚಾಲಕರಲ್ಲಿ ಕೆಲವರ ರೂಢಿ. ಆ ಲಾರಿ ಥಟ್ಟನೆ ನಿಂತರೆ ನಂಬಿದವನ ಗತಿಯೇನು? ಮಾರುಕಟ್ಟೆಗೆ ಎರಡು ಗಂಟೆ ತಡವಾಗಿ ಮುಟ್ಟಿದ ಟೊಮೇಟೊಗೆ ಬೆಲೆ ಕಡಮೆ ಸಿಗಬಹುದು, ಅದು ನಷ್ಟವೇ ಸರಿ. ಆದರೆ ಅದು ಮುಂದಿನ ವಾರದ ಬಾಡಿಗೆಯಲ್ಲಿ ತುಂಬಿಕೊಳ್ಳಬಹುದಾದ ನಷ್ಟ.

ಸ್ವಂತ ಕಾರುಳ್ಳ ಗೃಹಸ್ಥರೂ ಈ ಪಾಠವನ್ನು ಹಾಗೆಯೇ ಅನ್ವಯಿಸಿಕೊಳ್ಳಬಹುದು. ಅವರ ವಾಹನದಲ್ಲಿಯೂ ವಿದ್ಯುತ್ತು ಮರಳುವ ದಾರಿ ಅದೇ. ವರ್ಷಕ್ಕೊಮ್ಮೆ, ಮುಂಗಾರು ಹಿಡಿಯುವ ಮುನ್ನ, ಒಂದು ಸಂಜೆ ವಾಹನವನ್ನು ಕಾಂಪೌಂಡಿನ ಗೋಡೆಗೆ ಎದುರಾಗಿ ನಿಲ್ಲಿಸಿ ದೀಪ ಹಾಕಬೇಕು; ಇಂಡಿಕೇಟರನ್ನೂ ವೈಪರನ್ನೂ ಒಂದೊಂದಾಗಿ ಚಾಲೂ ಮಾಡಿ ಗೋಡೆಯ ಮೇಲಿನ ಬೆಳಕನ್ನು ನೋಡಬೇಕು. ವೈಪರು ಹೊರಟ ಕ್ಷಣ ಬೆಳಕು ತುಸು ತಗ್ಗಿ ಮತ್ತೆ ನಿಂತರೆ ಚಿಂತೆಯಿಲ್ಲ. ನಡುಗುತ್ತಲೇ ಇದ್ದರೆ ಮರುದಿನ ಶೆಡ್ಡಿಗೆ ಹೋಗಿ, "ಬಲ್ಬು ಬದಲಾಯಿಸಿ" ಎಂದು ಹೇಳುವ ಬದಲು, "ದೀಪ ಹಾಕಿ ಅರ್ತನ್ನು ಅಳೆದು ನೋಡಿ" ಎಂದು ಹೇಳಬೇಕು. ಪರೀಕ್ಷೆಗೆ ಬೇಕಾಗುವುದು ಐದು ನಿಮಿಷ. ಮೀಟರು ತೋರಿಸಿದ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ವಾಹನದ ಕಾಗದಪತ್ರಗಳೊಡನೆ ಇಟ್ಟುಕೊಂಡರೆ ಮುಂದಿನ ವರ್ಷ ಹೋಲಿಸಿ ನೋಡುವುದಕ್ಕೂ ಅನುಕೂಲವಾಗುವುದು.